ಮಲ್ಲೇಶ್ವರಿಯ ಪಾಲಿನ ಗುಡ್ಡ

ಮಾನ್ವಿಯಿಂದ ದೇವದುರ್ಗದ ಕಡೆ ಹೋಗುವಾಗ ಭತ್ತದ ಗದ್ದೆಗಳು ಮುಗಿದು ನೆಲ ಮೆಲ್ಲಗೆ ಏರತೊಡಗುವ ಕಡೆ, ಕುರಿ ಸಾಕುವ ಬೂದೆಪ್ಪನದೊಂದು ಗರಸು ಭೂಮಿ ಇತ್ತು. ಬಿತ್ತಿದ ಬೀಜವೂ ವಾಪಸು ಬರುವುದಿಲ್ಲವೆಂದು ಅವನ ಅಪ್ಪನ ಕಾಲದಿಂದ ಅದನ್ನು ಕುರಿಗಳಿಗೇ ಬಿಟ್ಟಿದ್ದರು. ಅಲ್ಲಿ ಗಾಲ್ಫ್ ಕ್ಲಬ್ ಹುಟ್ಟಿದಾಗ ಬೂದೆಪ್ಪನ ಮಗಳು ಮಲ್ಲೇಶ್ವರಿ ಇನ್ನೂ ಲಂಗ ಉಡುವ ಹುಡುಗಿ.

ಕಾಲುವೆ ಕೆಲಸಕ್ಕೆಂದು ಬಂದು ಕ್ಯಾಂಪಿನಲ್ಲಿದ್ದ ಇಂಜಿನಿಯರ್ ಜಗದೀಶ, ಸಂಜೆ ಹೊತ್ತು ಕಳೆಯಲು ಅಲ್ಲಿ ಒಬ್ಬನೇ ಚೆಂಡು ಹೊಡೆಯುತ್ತಿದ್ದ. ಒಂದು ದಿನ ಚೆಂಡು ಹೋಗಿ ಬೂದೆಪ್ಪನ ಟಗರಿನ ಪಕ್ಕೆಗೆ ಬಡಿಯಿತು. ಬೂದೆಪ್ಪ ಬಡಿಗೆ ಹಿಡಿದು ಬಂದ. ಜಗದೀಶ ತಪ್ಪಾಯಿತೆಂದು ಕೈಮುಗಿದು, ಬೇಕಾದರೆ ಇದರಿಂದಲೇ ಹೊಡೆಯಿರಿ ಎಂದು ತನ್ನ ಆಟದ ಕೋಲನ್ನೇ ಮುಂದೆ ಹಿಡಿದ. ಬೂದೆಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಚೆಂಡಿಗೆ ಬೀಸಿದ. ತಾಗಲಿಲ್ಲ. ಮತ್ತೆ ಬೀಸಿದ, ಆಗಲೂ ತಾಗಲಿಲ್ಲ. ಕತ್ತಲಾಗುವವರೆಗೆ ಇಬ್ಬರೂ ಅಲ್ಲೇ ಇದ್ದರು.

ಆಡಲು ಜಾಗ ಕೊಡುವಾಗ ಬೂದೆಪ್ಪ ಹಾಕಿದ ಷರತ್ತು ಎರಡೇ. ಕುರಿಗಳನ್ನು ಯಾರೂ ಅಟ್ಟಬಾರದು. ಆಡಲು ಬಂದವರನ್ನೂ ಯಾರೂ ಅಟ್ಟಬಾರದು. ಕ್ಯಾಂಪಿನ ಕೂಲಿಯವರು, ಸಾಹೇಬರು, ಊರವರು ಸೇರಿ ರವಿವಾರಗಳಲ್ಲಿ ಕಲ್ಲು ಆರಿಸಿದರು. ಒಂಬತ್ತು ಕುಳಿ ತೋಡಿ ಒಳಗೆ ಡಾಲ್ಡಾ ಡಬ್ಬಿ ಹೂತರು. ಹುಲ್ಲು ಕತ್ತರಿಸುವ ಕೆಲಸ ಕುರಿಗಳದು. ಚೆಂಡು ಹಿಕ್ಕೆಯ ಮೇಲೆ ಬಿದ್ದರೆ ಒಂದು ಗೇಣು ಸರಿಸಿಕೊಳ್ಳಬಹುದು, ನಾಯಿ ಕಚ್ಚಿಕೊಂಡು ಹೋದರೆ ಅದು ಬಿಟ್ಟ ಜಾಗದಿಂದಲೇ ಆಡಬೇಕು. ಇವೆಲ್ಲ ಅಲ್ಲಿಯವೇ ಕಾಯಿದೆಗಳು.

ಕಾಲುವೆ ಮುಗಿದು ಜಗದೀಶ ವರ್ಗವಾಗಿ ಹೋದರೂ ಆಟ ನಿಲ್ಲಲಿಲ್ಲ. ಕ್ಯಾಂಪಿನಲ್ಲಿ ಕಲ್ಲು ಹೊತ್ತವರ ಮಗ ಗೌತಮ, ಈಗ ದೇವದುರ್ಗದ ಕಾಲೇಜಿನಲ್ಲಿ ಪಾಠ ಹೇಳುವವನು, ಕ್ಲಬ್ಬಿನ ಕಾರ್ಯದರ್ಶಿಯಾದ. ಮಾನ್ವಿಯ ಹಲ್ಲಿನ ಡಾಕ್ಟರ್ ನಿಗಾರ್ ಬಂದರು, ಬಸ್ ಡ್ರೈವರುಗಳು ಬಂದರು, ಅಕ್ಕಿ ಗಿರಣಿಯವರು ಬಂದರು. ಆಟ ಮುಗಿದ ಮೇಲೆ ಬೂದೆಪ್ಪನ ಮನೆಯ ಮುಂದೆ ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ.

ಮಲ್ಲೇಶ್ವರಿ ಮಾತ್ರ ಎಂದೂ ಆಡಿರಲಿಲ್ಲ. ಯಾಪಲದಿನ್ನಿಗೆ ಮದುವೆಯಾಗಿ ಹೋಗಿದ್ದ ಅವಳು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಕುರಿಹಿಂಡು ನೋಡಿಕೊಳ್ಳತೊಡಗಿದಳು. ರವಿವಾರ ಬಂದರೆ ರೊಟ್ಟಿ ಬಡಿಯುವ ಕೆಲಸವೂ ಇತ್ತು. ಆ ಗದ್ದಲ ಅವಳಿಗೆ ಇಷ್ಟವಾಗುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಹೋದ ವರ್ಷ ಬೂದೆಪ್ಪ ಹೋದ. ರಾಯಚೂರಿನಲ್ಲಿ ನೌಕರಿಯಲ್ಲಿದ್ದ ಮಲ್ಲೇಶ್ವರಿಯ ತಮ್ಮ ಪ್ರಭುರಾಜ, ತಿಥಿ ಕಾರ್ಯಗಳೆಲ್ಲ ಮುಗಿದ ಮೇಲೆ ಅಕ್ಕನ ಹತ್ತಿರ ಮಾತು ತೆಗೆದ. ಮೋಟಾರು ಇಟ್ಟು ಪೈಪು ಎಳೆದರೆ ಕಾಲುವೆ ನೀರು ಈಗ ಇಲ್ಲಿಗೂ ಬರುತ್ತದೆ. ನೆಲ ಸಮ ಮಾಡಿ ಕೆರೆಮಣ್ಣು ಹೊಡೆಸಿದರೆ ಭತ್ತ ಬೆಳೆಯಬಹುದು. ಸೋಮವಾರ ರಾಯಚೂರಿಗೆ ಬಂದು ಹಕ್ಕು ಬಿಟ್ಟಿದ್ದೇನೆಂದು ಒಂದು ಸಹಿ ಹಾಕಿದರೆ ಮುಗಿಯಿತು, ಮನೆ ಹೇಗೂ ನಿನ್ನದೇ ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಊರಿನ ಹೆಣ್ಣುಮಕ್ಕಳೆಲ್ಲ ಹಾಗೆ ಸಹಿ ಹಾಕಿದವರೇ. ಅವಳೂ ಆಗಲಿ ಎಂದಳು.

ಸುದ್ದಿಯನ್ನು ಅವಳೇ ಗೌತಮನಿಗೆ ಹೇಳಿದಳು. ಅವನು, ಇಷ್ಟು ವರ್ಷ ಬಿಟ್ಟುಕೊಟ್ಟದ್ದೇ ದೊಡ್ಡದು, ಕಡೆಗೊಂದು ರವಿವಾರ ಎಲ್ಲರೂ ಸೇರಿ ಆಡುತ್ತೇವೆ ಎಂದ. ಬೇಡಿಕೊಳ್ಳಲಿಲ್ಲ. ಅವಳಿಗೆ ಅದೇ ಹೆಚ್ಚು ಕಷ್ಟವಾಯಿತು.

ಆ ರವಿವಾರ ಇಬ್ಬಿಬ್ಬರು ಜೋಡಿಯಾಗಿ ಆಡುವುದೆಂದಾಯಿತು. ನಿಗಾರ್ ಅವರ ಜೊತೆಯವರು ಬರಲಿಲ್ಲ. ಅವರು ನೇರವಾಗಿ ಅಡುಗೆಮನೆಯ ಬಾಗಿಲಿಗೇ ಬಂದರು.

"ನನ್ನ ಜೋಡಿ ಕೈಕೊಟ್ಟಾರ. ನೀವು ಬರ್ರಿ."

"ನನಗ ಬರಂಗಿಲ್ರೀ ಡಾಕ್ಟರಮ್ಮ."

"ನಮಗರ ಎಲ್ಲಿ ಬರ್ತದ? ಬರ್ರಿ."

ಮಲ್ಲೇಶ್ವರಿ ಕೈಯ ಹಿಟ್ಟು ತೊಳೆದುಕೊಂಡು, ಸೆರಗು ಸಿಕ್ಕಿಸಿ ಹೊರಟಳು. ಮೊದಲ ಏಟಿಗೆ ಮಣ್ಣು ಹಾರಿತು. ಎರಡನೆಯದು ಬೇಲಿಯ ಜಾಲಿಯೊಳಗೆ ಹೋಯಿತು. ನಿಗಾರ್ ಅವರದೂ ಅಲ್ಲೇ ಬಿತ್ತು. ಇಬ್ಬರೂ ಮುಳ್ಳಿನಲ್ಲಿ ಬಗ್ಗಿ ಹುಡುಕುತ್ತಾ, ಏಳಲಾಗದಷ್ಟು ನಕ್ಕರು. ಗಂಡ ಹೋದ ಮೇಲೆ ತಾನು ಇಷ್ಟು ನಕ್ಕಿದ್ದು ಎಂದಾದರೂ ಉಂಟೇ ಎಂದು ಅವಳು ನೆನೆದು ನೋಡಿದಳು. ನೆನಪಾಗಲಿಲ್ಲ.

ಎಲ್ಲಕ್ಕಿಂತ ಮೇಲಿನ ಕುಳಿ ಗುಡ್ಡದ ನೆತ್ತಿಯಲ್ಲಿತ್ತು. ತನ್ನ ಸರದಿ ಬರುವವರೆಗೆ ಅವಳು ಅಲ್ಲಿ ನಿಂತಳು. ಸಾವಿರ ಸಲ ಹತ್ತಿದ ಜಾಗವೇ. ಆದರೆ ಕುರಿಗಳ ಮೇಲೆ ಕಣ್ಣಿಡದೆ ಸುಮ್ಮನೆ ನಿಂತದ್ದು ಇದೇ ಮೊದಲು. ಕೆಳಗೆ ಮಾನ್ವಿಯ ಕಡೆ ಕಣ್ಣು ಹೋದಷ್ಟು ದೂರವೂ ಭತ್ತ. ನಡುವೆ ಕಂದು ಬಣ್ಣದ ನೆಲ ಇದೊಂದೇ, ಅದರ ಮೇಲೆ ಅವಳ ಕುರಿಗಳು. ಇದೂ ಹೋದರೆ ಇವನ್ನು ಎಲ್ಲಿಗೆ ಹೊಡೆದುಕೊಂಡು ಹೋಗಲಿ? ಕುರಿ ಮಾರಿದರೆ ದಿನವಿಡೀ ಏನು ಮಾಡಲಿ? ಇದನ್ನು ತಾನು ಇಷ್ಟು ದಿನ ಯೋಚಿಸಲೇ ಇಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಪ್ರಭುರಾಜನೂ ಅಂದು ಬಂದಿದ್ದ. ಸಂಜೆ ಜನ ಚದುರಿದ ಮೇಲೆ ಅವಳು ಅವನ ಎದುರು ಕೂತಳು.

"ತಮ್ಮಾ, ನಾಳಿಗಿ ರಾಯಚೂರಿಗೆ ನಾ ಬರಂಗಿಲ್ಲ."

"ಯಾಕಕ್ಕ, ಆರಾಮಿಲ್ಲೇನು?"

"ಆರಾಮದೀನಿ. ಸಹಿ ಹಾಕಂಗಿಲ್ಲ. ಮ್ಯಾಲಿನ ಅರ್ಧ ನನಗ ಬೇಕು."

ಅವನು ಅಕ್ಕನ ಮುಖ ನೋಡಿದ. "ಈ ಚೆಂಡಾಟದ ಸಲುವಾಗೇನು?"

"ನನ್ನ ಸಲುವಾಗಿ. ಕುರಿ ಮೇಯ್ತಾವ. ಆಡವರು ಬಂದ್ರ ಆಡ್ತಾರ."

ಪ್ರಭುರಾಜ ಉಣ್ಣದೆ ಎದ್ದು ಹೋದ.

ತಮ್ಮನ ಅನ್ನಕ್ಕೆ ಅಕ್ಕ ಕಲ್ಲು ಹಾಕಿದಳೆಂದು ಊರಲ್ಲಿ ಆಡಿಕೊಂಡರು. ಭೂಮಾಪನದ ಅರ್ಜಿ ಕೊಡಲು ತಾನೂ ಬರುತ್ತೇನೆಂದ ಗೌತಮನನ್ನು ಅವಳು ತಡೆದಳು. ಕ್ಲಬ್ಬಿನವರು ಕಿವಿ ಊದಿದರು ಎಂದಾಗಬಾರದು ಎಂಬುದು ಅವಳ ಎಣಿಕೆ. ಒಬ್ಬಳೇ ಬಸ್ಸು ಹತ್ತಿ ಮಾನ್ವಿಯ ಕಚೇರಿಗೆ ಎಷ್ಟೋ ಸಲ ಹೋಗಿಬಂದಳು. ಯುಗಾದಿಗೆ ತಮ್ಮ ಬರಲಿಲ್ಲ. ಬೇವು ಅರೆಯುತ್ತಾ ಕೂತವಳಿಗೆ, ಬೇಡವಾಗಿತ್ತೇನೋ ಅನ್ನಿಸಿತು. ಮರುದಿನ ಕುರಿ ಬಿಟ್ಟುಕೊಂಡು ಗುಡ್ಡ ಹತ್ತುವಾಗ, ಇಲ್ಲ, ಬೇಕಾಗಿತ್ತು ಅನ್ನಿಸಿತು.

ಬೇಸಿಗೆಯಲ್ಲಿ ಸರ್ವೆಯವರು ಬಂದು ಕಲ್ಲು ನೆಟ್ಟ ದಿನ ಪ್ರಭುರಾಜ ಬಂದ. ಗಡಿಯುದ್ದಕ್ಕೂ ನಡೆದು ನೋಡಿ, ನೀರು ಹೇಗೂ ಇಷ್ಟಕ್ಕಿಂತ ಮೇಲೆ ಏರುತ್ತಿರಲಿಲ್ಲ, ಕೆಳಗಿನದು ನನಗೆ ಸಾಕು ಎಂದ. ಮನಸ್ಸು ಪೂರ್ತಿ ತಿಳಿಯಾದಂತಿರಲಿಲ್ಲ. ಆದರೂ ಕೂತು ಊಟ ಮಾಡಿದ. ಅವಳು ಮತ್ತೊಂದು ರೊಟ್ಟಿ ಹಾಕಿದಾಗ ಬೇಡವೆನ್ನಲಿಲ್ಲ.

ಒಂಬತ್ತರಲ್ಲಿ ನಾಲ್ಕು ಕುಳಿಗಳು ಗದ್ದೆಯಾದವು. ಉಳಿದ ಐದನ್ನೇ ಈಗ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಆಡುತ್ತಾರೆ. ಪೈರು ನಿಂತಿರುವಾಗ ಭತ್ತದೊಳಗೆ ಬಿದ್ದ ಚೆಂಡು ಹುಡುಕಲು ಇಳಿಯಬಾರದೆಂದು ಗೌತಮ ಹೊಸ ಕಾಯಿದೆ ಮಾಡಿದ. ನಿಗಾರ್ ಮತ್ತು ಮಲ್ಲೇಶ್ವರಿ ಈಗ ಕಾಯಂ ಜೋಡಿ, ಇಲ್ಲಿಯವರೆಗೆ ಯಾರನ್ನೂ ಸೋಲಿಸಿಲ್ಲ. ರೊಟ್ಟಿಯನ್ನು ಈಗ ಬಂದವರೆಲ್ಲ ಸೇರಿ ಬಡಿಯುತ್ತಾರೆ, ಡ್ರೈವರುಗಳ ರೊಟ್ಟಿ ದುಂಡಗಾಗುವುದಿಲ್ಲ.

ಸುಗ್ಗಿ ಮುಗಿದ ಮೊದಲ ರವಿವಾರ ಪ್ರಭುರಾಜ ತನ್ನ ಗದ್ದೆಯ ಹೊಸ ಅಕ್ಕಿಯ ಚೀಲ ತಂದು ಅಕ್ಕನ ಮನೆಯೊಳಗೆ ಇಳಿಸಿದ. ಆಡಲು ಬಂದವರಿಗೆ ಅಂದು ರೊಟ್ಟಿಯ ಜೊತೆ ಬಿಸಿ ಅನ್ನವೂ ಆಯಿತು. ಅವನು ಪಂಕ್ತಿಯ ಕೊನೆಯಲ್ಲಿ ಕೂತು, ಅಕ್ಕಿ ಹೇಗಿದೆ ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದ.