ಟೊಪ್ಪಿಯವನು ಒದ್ದದ್ದು ಯಾರಿಗೆ?

ಮಡಂತ್ಯಾರಿನ ಆಚೆಯ ಆ ಶಾಲೆಗೆ ಪ್ರೊಜೆಕ್ಟರ್ ಬಂದದ್ದೇ ಕುಸುಮ ಟೀಚರಿಗೆ ಗ್ರಹಚಾರವಾಯಿತು. ಕೊಟ್ಟವನು ಮಸ್ಕತ್ತಿನಲ್ಲಿ ಹೋಟೆಲಿಟ್ಟ ಹಳೆ ವಿದ್ಯಾರ್ಥಿ ಚಿನ್ನಯ್ಯ. ಕೊಟ್ಟು ಸುಮ್ಮನಿರಬೇಕಲ್ಲ! ತಾನು ಮೂರನೇ ಕ್ಲಾಸಿನಲ್ಲಿ ಇದೇ ಅಂಗಳದಲ್ಲಿ ಕಂಡ ಕಪ್ಪುಬಿಳುಪು ಇಂಗ್ಲಿಷ್ ಸಿನಿಮಾವನ್ನೇ ಉದ್ಘಾಟನೆಗೆ ತೋರಿಸಬೇಕೆಂದು ಹಟ ಹಿಡಿದ.

ಆ ಸಿನಿಮಾ ಅವನ ಸಹಪಾಠಿ ಕುಸುಮನಿಗೆ ಗೊತ್ತಿಲ್ಲದೆ ಏನು? ಟೊಪ್ಪಿ ಹಾಕಿದ ಬಿಳಿ ಹೀರೋ ಕಾಡಿಗೆ ಹೋಗುತ್ತಾನೆ. ಮೈಗೆಲ್ಲ ಮಸಿ ಬಳಿದುಕೊಂಡವರು ಹೋ ಎಂದು ಕುಣಿಯುತ್ತಾರೆ. ಅವನು ಒಬ್ಬೊಬ್ಬರನ್ನೇ ಒದೆಯುತ್ತಾನೆ. ಅಷ್ಟೇ ಕಥೆ. ಅಂದು ಮೇಷ್ಟ್ರೊಬ್ಬರು ಮೈಕು ಹಿಡಿದು, "ನೋಡಿ ಮಕ್ಕಳೇ, ಕಾಡುಜನ ಬಂದರು, ನಗಿ!" ಎಂದು ವಿವರಿಸಿದ್ದರು. ಮರುದಿನ ಚಿನ್ನಯ್ಯ ಕರ್ರಗಿನ ಕುಸುಮನಿಗೆ 'ಕಾಡುಜನ' ಎಂದು ಹೆಸರಿಟ್ಟ. ಹೈಸ್ಕೂಲು ಮುಗಿಯುವ ತನಕ ಅದೇ ಅವಳ ಹೆಸರು. ಇಟ್ಟವನಿಗೆ ಈಗ ನೆನಪೂ ಇಲ್ಲ.

ಈಗ ಅವಳ ಮೂರನೇ ಕ್ಲಾಸಿನಲ್ಲಿ ಮೋಕ್ಷಿತಾ ಇದ್ದಾಳೆ. ಕುಸುಮನಿಗಿಂತಲೂ ಒಂದು ಕೈ ಕಪ್ಪು, ಇನ್ನೂ ಯಾರ ಬಾಯಿಗೂ ಬೀಳದ ನಗುಮುಖದ ಹುಡುಗಿ. ಶನಿವಾರ ಸಿನಿಮಾ ತೋರಿಸಿದರೆ ಸೋಮವಾರದಿಂದ ಇವಳ ಗತಿ ಏನು ಎಂದು ಕುಸುಮನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಸರ್, ಅದು ಸಣ್ಣ ಮಕ್ಕಳಿಗೆ ಬೇಡ. ಬೇರೆ ಯಾವುದಾದರೂ ಹಾಕುವ," ಎಂದಳು ಹೆಡ್ಮಾಸ್ಟರ್ ನಿತ್ಯಾನಂದರಿಗೆ.

"ಅದರಲ್ಲಿ ಸಿಗರೇಟು ಉಂಟಾ?"

"ಇಲ್ಲ."

"ಕುಡಿಯುವುದು?"

"ಇಲ್ಲ ಸರ್. ಆದರೆ ಕಪ್ಪು ಜನರನ್ನು..."

"ಎಂತ ಟೀಚರೇ! ಸಿನಿಮಾವೇ ಕಪ್ಪುಬಿಳುಪು. ಎಲ್ಲರೂ ಕಪ್ಪೇ ಕಾಣುವುದು."

ಇಂಥ ಬುದ್ಧಿಗೆ ಏನು ಹೇಳುವುದು, ನೀವೇ ಹೇಳಿ.

ಶನಿವಾರ ಕಿಟಕಿಗಳಿಗೆ ಟಾರ್ಪಾಲು ಕಟ್ಟಿದರು. ಚಿನ್ನಯ್ಯ ಎದುರಿನ ಕುರ್ಚಿಯಲ್ಲಿ ಕೂತ, ಮಕ್ಕಳು ನೆಲದಲ್ಲಿ. ಕುಸುಮ ಮೋಕ್ಷಿತಾಳ ಪಕ್ಕದಲ್ಲೇ ಕೂತಳು. ಪರದೆಯಲ್ಲಿ ಡೋಲು ಮೊಳಗಿತು. ಮುಖಕ್ಕೆ ಗೆರೆ ಎಳೆದು, ಸೊಂಟಕ್ಕೆ ತೆಂಗಿನ ಗರಿ ಕಟ್ಟಿ, ದೊಂದಿ ಹಿಡಿದ ಕಾಡಿನವರ ನಾಯಕ ಅಬ್ಬರಿಸುತ್ತಾ ಬಂದ. ಕುಸುಮ ಕಣ್ಣು ಮುಚ್ಚಿದಳು.

ಯಾರೂ ನಗಲಿಲ್ಲ. ಕಣ್ಣು ಬಿಟ್ಟರೆ ಎಪ್ಪತ್ತು ಮಕ್ಕಳೂ ಎದ್ದು ಕೈಮುಗಿದು ನಿಂತಿದ್ದಾರೆ!

ವರ್ಷವರ್ಷ ಮನೆಯವರೊಂದಿಗೆ ದೈವದ ನೇಮಕ್ಕೆ, ಭೂತಕೋಲಕ್ಕೆ, ಹೋಗುವ ಮಕ್ಕಳು. ಗೆರೆ ಎಳೆದ ಮುಖ, ತೆಂಗಿನ ಗರಿ, ದೊಂದಿ, ಅಬ್ಬರ: ಅವರಿಗೆ ಇದು ದೈವವಲ್ಲದೆ ಮತ್ತೇನು? ಈ ಸಲ ಮೈಕು ಹಿಡಿದು ನಗಿ ಎಂದು ಹೇಳಿಕೊಡಲು ಯಾರೂ ಇರಲಿಲ್ಲ.

"ಕೂತ್ಕೊಳ್ಳಿ, ಅದು ಸಿನಿಮಾ!" ನಿತ್ಯಾನಂದರು ಕೂಗಿದರು. ಅಷ್ಟರಲ್ಲಿ ಟೊಪ್ಪಿಯವನು ನಾಯಕನ ಎದೆಗೆ ಝಾಡಿಸಿ ಒದ್ದ. ಒಂದನೇ ಕ್ಲಾಸಿನವರು ಬೊಬ್ಬೆ ಹಾಕಿ ಅತ್ತರು.

ಭವಿತ್ ಎಂಬ ಬೆಳ್ಳಗಿನ ಹುಡುಗ ಚಿನ್ನಯ್ಯನ ಹತ್ತಿರ ಬಂದು ಕೇಳಿದ: "ದೈವಕ್ಕೆ ಒದ್ದದ್ದು ಅವನು. ಒದೆಯಲಿಕ್ಕೆ ಹಾಕಿಸಿದ್ದು ನೀವು. ದೋಷ ಯಾರಿಗೆ ಸರ್?"

ಮುಂದಿನ ತಿಂಗಳು ಮನೆಯಲ್ಲಿ ನೇಮ ಇಟ್ಟುಕೊಂಡ ಮನುಷ್ಯ! ಚಿನ್ನಯ್ಯ ಕುರ್ಚಿಯಿಂದ ಹಾರಿ ಎದ್ದ. "ಬಂದ್ ಮಾಡಿ ಮಾರಾಯ್ರೇ, ಮೊದಲು ಬಂದ್ ಮಾಡಿ!" ಎಂದು ಶೂ ಕಳಚಿ ಓಡಿ, ಪರದೆಯ ಎದುರು ಕೈಮುಗಿದು "ತಪ್ಪಾಯಿತು, ನನ್ನದು ತಪ್ಪಾಯಿತು" ಎಂದ. ಬೆನ್ನ ಹಿಂದೆಯೇ, ಮಕ್ಕಳ ನಡುವೆ, ಕುಸುಮ ಇದ್ದಳು. ಅವನು ಹೇಳಿದ್ದು ಪರದೆಗೆ. ನಿತ್ಯಾನಂದರು ಬಿಸಿಯೂಟದ ಕೋಣೆಯಿಂದ ತೆಂಗಿನಕಾಯಿ ತರಿಸಿ ಪ್ರೊಜೆಕ್ಟರಿನ ಮುಂದೆ ಇಟ್ಟರು. ಕುಸುಮ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೋಕ್ಷಿತಾ ಬಚಾವಾದಳಲ್ಲ!

ಸೋಮವಾರ ಅಂಗಳದಲ್ಲಿ ಅದೇ ಸಿನಿಮಾದ ಆಟ. ಹೀರೋ ಆಗಲು ಯಾರೂ ತಯಾರಿಲ್ಲ. ಬಲವಂತದಿಂದ ಟೊಪ್ಪಿ ಹಾಕಿಸಿಕೊಂಡ ಭವಿತ್ ಅಳುತ್ತಿದ್ದ. ಉಳಿದವರು ಕೆನ್ನೆಗೆ ಇದ್ದಿಲು ಬಳಿದುಕೊಳ್ಳಲು ಜಗಳಾಡುತ್ತಿದ್ದರು. ಮೋಕ್ಷಿತಾ ಏದುಸಿರು ಬಿಡುತ್ತಾ ಓಡಿ ಬಂದಳು.

"ಟೀಚರ್, ನಾನೇ ನಾಯಕ! ಎಲ್ಲರೂ ನನ್ನನ್ನೇ ಮಾಡಿದ್ರು. ನನಗೆ ಮಸಿ ಹಚ್ಚುವುದೇ ಬೇಡವಂತೆ!"

ಅವಳ ಮುಖ ಖುಷಿಯಲ್ಲಿ ಅರಳಿತ್ತು. ಕುಸುಮ ಅಂಗಳದತ್ತ ನೋಡಿದಳು. ಬೈಯುವುದಾದರೆ ಯಾರನ್ನು ಬೈಯುವುದು?

"ಹೋಗು, ಆಡು," ಎಂದಳು.

ಹುಡುಗಿ ಎದೆಯುಬ್ಬಿಸಿ ಹೋದಳು. ಮಕ್ಕಳೆಲ್ಲ ಸಾಲಾಗಿ ನಿಂತು ಅವಳಿಗೆ ಕೈಮುಗಿದರು. ಕುಸುಮ ಟೀಚರು ಸ್ಟಾಫ್ ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಬೆಲ್ಲು ಹೊಡೆಯುವ ತನಕ ಅತ್ತಳು.