ಹಲಗೆಯ ಏಳನೆಯ ಸಾಲು

ಸೋಪಾನ ಮೇಟಕರಿ ತೆಂಗಿನಕಾಯಿಯನ್ನು ಕಣ್ಣಿನಿಂದ ಆರಿಸುತ್ತಿರಲಿಲ್ಲ, ಕಿವಿಯಿಂದ ಆರಿಸುತ್ತಿದ್ದ. ಸಾಂಗೋಲೆಯ ಪೇಟೆಯಲ್ಲಿ ಕಾಯಿಯ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವನು. ಒಳಗಿನ ನೀರು ತುಂಬಿಯೂ ಇರಬಾರದು, ಬತ್ತಿಯೂ ಇರಬಾರದು. ಅರ್ಧಕ್ಕೆ ನಿಂತು ಗುಳುಗುಳು ಅನ್ನಬೇಕು. ಅಂಗಡಿಯವನಿಗೆ ಇದು ರೂಢಿಯಾಗಿತ್ತು. "ಎಂ.ಎಸ್ಸಿ. ಕಲ್ತವರು ಕಾಯಿ ತಗೊಳೂ ರೀತಿನ ಬ್ಯಾರೆ ನೋಡ್ರಿ" ಎಂದು ಉಳಿದ ಗಿರಾಕಿಗಳಿಗೆ ಹೇಳುತ್ತಿದ್ದ.

ಸೋಪಾನ ಕಲಿತದ್ದು ಭೂಗರ್ಭಶಾಸ್ತ್ರ. ಮಾಡುವ ಕೆಲಸ, ದಾಳಿಂಬೆ ತೋಟದವರ ಹೊಲಗಳಲ್ಲಿ ಬೋರ್‌ವೆಲ್ಲಿಗೆ ಜಾಗ ತೋರಿಸುವುದು. ಮೊದಲ ವರ್ಷ ಅವನು ನಾಲ್ಕು ಕಬ್ಬಿಣದ ಗೂಟ, ತಂತಿಯ ಸುರುಳಿ, ಮುಳ್ಳು ಓಡಾಡುವ ಒಂದು ಡಬ್ಬಿ ಹೊತ್ತುಕೊಂಡು ಹೋಗುತ್ತಿದ್ದ. ನೆಲದೊಳಕ್ಕೆ ಕರೆಂಟು ಬಿಟ್ಟು ಕಲ್ಲಿನ ಗುಣ ಅಳೆಯುವ ಸಾಮಾನು ಅದು. ಜನ, ಲೈಟ್ ಕಡಿಯುವವ ಬಂದ ಎಂದು ಕದ ಹಾಕಿಕೊಂಡರು. ಕದ ಹಾಕಿಕೊಳ್ಳದವರು ಅವನು ತೋರಿಸಿದ ಜಾಗವನ್ನು ಖಾತ್ರಿ ಮಾಡಿಕೊಳ್ಳಲು ಅಂಗೈಯ ಮೇಲೆ ಕಾಯಿ ಹಿಡಿದು ನೀರಿನ ಜಾಗ ಹೇಳುವವನನ್ನು ಕರೆಸಿದರು. ಕಾಯಿ ಎದ್ದು ನಿಂತದ್ದು ನಲವತ್ತು ಹೆಜ್ಜೆ ಆಚೆ. ಅಲ್ಲಿ ತೋಡಿಸಿ, ಬರಿ ಧೂಳು ತೆಗೆದು, "ಎಂ.ಎಸ್ಸಿ.ಯವನ ಕಾಲ್ಗುಣ" ಎಂದು ಬೈದರು. ಮೂರು ಸಲ ಹೀಗಾದ ಮೇಲೆ ಅವನ ಸೋದರತ್ತೆ ಹೇಳಿದಳು: "ಔಷಧ ಕಹಿ ಇದ್ರ ಬೆಲ್ಲದಾಗ ಇಟ್ಟು ಕೊಡಬೇಕಪ್ಪಾ. ನೀ ಯಾಕ ಬರಿ ಕಹಿ ಹೊತ್ತು ತಿರುಗ್ತಿ?"

ಅಂದಿನಿಂದ ಬೆಲ್ಲ ಬಂತು. ಕಬ್ಬಿಣದ ಗೂಟಗಳಿಗೆ ಮನೆಯಲ್ಲಿ ಆಡು ಕಟ್ಟತೊಡಗಿದರು. ಸೋಪಾನ ಹೊತ್ತು ಮೂಡುವುದಕ್ಕೆ ಮೊದಲೇ ಒಬ್ಬನೇ ಹೋಗಿ ಸುತ್ತಲಿನ ಬಾವಿಗಳಿಗೆ ಹಗ್ಗ ಬಿಟ್ಟು ನೀರಿನ ಆಳ ನೋಡುವನು; ಹಳ್ಳದ ದಂಡೆ ಕುಸಿದಲ್ಲಿ ಕಲ್ಲಿನ ಪದರು ನೋಡುವನು; ಕುರಿ ಕಾಯುವವರ ಹತ್ತಿರ ಕೂತು ಬೇಸಗೆಯಲ್ಲಿ ಯಾವ ಮರ ಹಸಿರಿರುತ್ತದೆ ಎಂದು ಕೇಳುವನು. ಜಾಗ ಮನಸ್ಸಿನಲ್ಲಿ ಗಟ್ಟಿಯಾದ ಮೇಲೆ ಹೊಲದ ಒಡೆಯನ ಎದುರು ಅಂಗೈಯ ಮೇಲೆ ಕಾಯಿ ಮಲಗಿಸಿಕೊಂಡು ಗಂಭೀರವಾಗಿ ನಡೆಯುವನು. ಜಾಗ ಬಂದೊಡನೆ ಕಾಯಿ ಎದ್ದು ನಿಲ್ಲುತ್ತಿತ್ತು. ಆರು ವರ್ಷದಲ್ಲಿ ಅದು ಒಮ್ಮೆಯೂ ಅವನ ಮಾತು ಮೀರಿರಲಿಲ್ಲ. ಜನ ಅವನನ್ನು ಕಾಯಿ ಮೇಟಕರಿ ಎಂದೇ ಕರೆಯುತ್ತಿದ್ದರು.

ಈ ಹೆಸರು ಒಬ್ಬರ ಕಿವಿಗೆ ಮಾತ್ರ ಬೀಳಬಾರದಿತ್ತು. ಅವರು ಅವನ ಮೇಷ್ಟ್ರು, ಇಂಗವಲೆ ಸರ್. ಒಮ್ಮೆ ವಿದ್ಯಾರ್ಥಿಗಳನ್ನು ಕಲ್ಲು ನೋಡಲು ಕರೆದೊಯ್ಯುವಾಗ ದಾರಿಯಲ್ಲಿ ಕಾಯಿ ಹಿಡಿದ ಒಬ್ಬನನ್ನು ಕಂಡು, ಬಸ್ಸು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ನಡುಬಿಸಿಲಿನಲ್ಲಿ ಒಂದೂವರೆ ತಾಸು ಅಂಧಶ್ರದ್ಧೆಯ ಮೇಲೆ ಪಾಠ ಮಾಡಿದವರು ಅವರು. ಇಬ್ಬರು ಹುಡುಗರು ತಲೆ ಸುತ್ತಿ ಬಿದ್ದಿದ್ದರು. ಕಾಯಿಯವನೇ ಅವರಿಗೆ ಕಾಯಿ ಒಡೆದು ನೀರು ಕುಡಿಸಿದ್ದ.

ಆ ಬುಧವಾರ ಸೋಪಾನನಿಗೆ ಚಿಂಚಾಳೆಯಿಂದ ಕರೆ ಬಂದಿತ್ತು. ಕರೆದವರು ರಾವಸಾಹೇಬ ಇಂಗವಲೆ, ಊರಿಗೆಲ್ಲ ತಾತ್ಯಾ. ಆ ಊರಿನಲ್ಲಿ ಅರ್ಧ ಜನ ಇಂಗವಲೆಗಳೇ ಆದ್ದರಿಂದ ಸೋಪಾನನಿಗೆ ಅನುಮಾನ ಬರಲಿಲ್ಲ. ಅವನು ಬಾವಿ, ಹಳ್ಳ ನೋಡುವ ಬೆಳಗಿನ ಕೆಲಸವೆಲ್ಲ ಮುಗಿಸಿ ಬರುವ ಹೊತ್ತಿಗೆ ಬೋರ್ ಗಾಡಿಯೂ ಬಂದು ಬದುವಿನ ಮೇಲೆ ನಿಂತಿತ್ತು. ಗಾಡಿ ತಮಿಳುನಾಡಿನದು, ಅದನ್ನು ಊರೂರಿಗೆ ಕರೆತರುವ ಏಜಂಟ ಪೋಪಟ ಬಾಬರ. ಪೋಪಟನೂ ಅದೇ ಎಂ.ಎಸ್ಸಿ., ಅದೇ ಬೆಂಚು.

ತಾತ್ಯಾ ತೋಟ ತೋರಿಸುತ್ತ ಹೇಳಿದರು: "ಇಲ್ಲಿ ಎರಡು ತೂತು ಅದಾವ. ಅವನ್ನ ನೋಡಬ್ಯಾಡ್ರಿ. ಅವು ಶಾಣ್ಯಾರು ತೋಡ್ಸಿದ್ದು."

"ಯಾರ್ರಿ ಶಾಣ್ಯಾರು?"

"ಐತಿ ಒಂದು. ನಮ್ಮ ಮನ್ಯಾಂದ. ಬರ್ರಿ, ಮೊದಲ ಚಹಾ ಕುಡೀರಿ, ಆಮ್ಯಾಲೆ ಕಾಯಿ ಹಿಡೀರಿ."

ಪಡಸಾಲೆಯಲ್ಲಿ ಬಸಿಗೆ ಸುರಿದುಕೊಂಡ ಚಹಾ ಸೋಪಾನನ ತುಟಿಯವರೆಗೆ ಬಂದು ಅಲ್ಲೇ ನಿಂತಿತು. ಎದುರಿನ ಗೋಡೆಯ ಮೇಲೆ ಒಂದು ಕರಿಹಲಗೆ. ಅವನ ಕಾಲೇಜಿನ ವಿಭಾಗದ ಬಾಗಿಲಲ್ಲಿ ತೂಗುತ್ತಿದ್ದ ಅದೇ ಹಲಗೆ: 'ನಮ್ಮ ವಿದ್ಯಾರ್ಥಿಗಳು ಇಂದು'. ಕೆಳಗೆ ಅವನ ಬ್ಯಾಚಿನ ಹನ್ನೊಂದು ಹೆಸರು. ಹೆಸರುಗಳು ಬಿಳಿ ಎಣ್ಣೆಬಣ್ಣದಲ್ಲಿ, ಉದ್ಯೋಗಗಳು ಸೀಮೆಸುಣ್ಣದಲ್ಲಿ, ಯಾಕೆಂದರೆ ಉದ್ಯೋಗ ಬದಲಾಗುತ್ತಿರುತ್ತದೆ. ಅಕ್ಷರ ಇಂಗವಲೆ ಸರ್ ಅವರದು. ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರಾದ ಉಜ್ವಲಾ ಬನಸೋಡೆಯ ಮುಂದೆ 'ರಾಜ್ಯ ಸಾರಿಗೆ ಸೇವೆ' ಎಂದಿತ್ತು. ಗುವಾಹಟಿಯ ಗಲ್ಲಿಯೊಂದರಲ್ಲಿ ಹಳೆಯ ಬಂಗಾರ ಕರಗಿಸುವವನು 'ಧಾತುಶೋಧನೆ, ಈಶಾನ್ಯ ವಿಭಾಗ'. ಎತ್ತಿನ ಬಂಡಿ ಓಟದ ಶರ್ಯತ್ತಿನಲ್ಲಿ ಮೈಕು ಹಿಡಿದು ಅರಚುವವನು 'ಪ್ರಸಾರ ಮಾಧ್ಯಮ'. ಮದುವೆಯ ಬ್ಯಾಂಡಿನಲ್ಲಿ ಬೆಂಜೋ ಬಾರಿಸುವವನು 'ಧ್ವನಿಶಾಸ್ತ್ರ'. ಪೋಪಟ, 'ಕೊರೆತ ತಂತ್ರಜ್ಞಾನ'. ಎಂಟು ವರ್ಷದಿಂದ ಸರಕಾರಿ ಪರೀಕ್ಷೆಗೆ ಕೂತವನ ಸಾಲಿನಲ್ಲಿ ಬರೆದು ಅಳಿಸಿ, ಬರೆದು ಅಳಿಸಿ ಹಲಗೆಯ ಕರಿಬಣ್ಣವೇ ಹೋಗಿ ಮರ ಕಾಣುತ್ತಿತ್ತು.

ಏಳನೆಯ ಸಾಲು: ಸೋಪಾನ ಮೇಟಕರಿ, 'ಅಂತರ್ಜಲ ತಜ್ಞ'. ಅದೊಂದು ಮಾತ್ರ ಸೀಮೆಸುಣ್ಣದಲ್ಲಿ ಇರಲಿಲ್ಲ. ಎಣ್ಣೆಬಣ್ಣದಲ್ಲಿತ್ತು.

"ನಮ್ಮ ತಮ್ಮಂದು" ಎಂದರು ತಾತ್ಯಾ. "ಪ್ರೊಫೆಸರ್ ಇದ್ದ, ಈಗ ರಿಟೈರು. ಬರೂವಾಗ ಇದನ್ನೂ ಹೊತ್ತು ತಂದ. ಅವಗ ಕಾಯಿ ಕಂಡ್ರ ಆಗಂಗಿಲ್ಲ. ಆಯ್ತವಾರ ಆಯ್ತವಾರ ಬರ್ತಾನ. ಅದಕ್ಕ ನಿಮ್ಮನ್ನ ಬುಧವಾರ ಕರ್ದೀನಿ." ಹಲಗೆಯ ಮೇಲಿನ ಹೆಸರುಗಳನ್ನು ತಾತ್ಯಾ ಓದಿರಲಿಲ್ಲ. ಅವರ ಓದು ನಾಲ್ಕನೇ ಇಯತ್ತೆಗೆ ನಿಂತಿತ್ತು. ಆಮೇಲಿನದನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟಿದ್ದರು.

ಅಷ್ಟರಲ್ಲಿ ಸೋಪಾನನ ಫೋನು ರಿಂಗಾಯಿತು. ಹಿಂದೆ ಬಸ್ಸಿನ ಗಡಗಡ, ಮುಂದೆ ಉಜ್ವಲಾಳ ದನಿ.

"ಏ ಮೇಟಕ್ಯಾ, ಪೋಪಟ್ಯಾ ಗ್ರೂಪಿನ್ಯಾಗ ಫೋಟೋ ಹಾಕ್ಯಾನಲ್ಲ, ಇವತ್ತು ಚಿಂಚಾಳ್ಯಾಗ ಅದೀರೇನು?"

"ಹೌದ. ಯಾಕ?"

"ಇಂಗವಲೆ ಸರ್ ನನ್ನ ಗಾಡ್ಯಾಗ ಕುಂತಾರ. ಪಿಂಚಣಿದು ಯಾವದೋ ಕಾಗದ ಊರ ಮನ್ಯಾಗ ಬಿಟ್ಟಾರಂತ. ಚಿಂಚಾಳೆಗೇ ಟಿಕೆಟ್ ತಗೊಂಡಾರ. ಕಾಯಿ ಒಳಗಿಡು!"

"ಸ್ವಲ್ಪ ತಡಾ ಮಾಡ ಉಜ್ವಲಾ, ನಿನಗ ಕೈ ಮುಗಿತೀನಿ."

"ಡ್ರೈವರಗ ಹೇಳಿ ಚಹಾಕ್ಕ ಹತ್ತು ನಿಮಿಷ ಜಾಸ್ತಿ ನಿಲ್ಲಸ್ತೀನಿ. ಅದಕ್ಕಿಂತ ಹೆಚ್ಚಿಗಿ ರಾಜ್ಯ ಸಾರಿಗೆ ಸೇವೆ ಕೈಯಾಗಿಲ್ಲ."

ಸೋಪಾನ ಹೊಲಕ್ಕೆ ಓಡಿದ. ಓಡುತ್ತಲೇ ಲೆಕ್ಕ ಹಾಕಿದ: ಸರ್ ಬರುವುದರೊಳಗೆ ಕಾಯಿ ಏಳಿಸಿ ಮುಗಿಸಿಬಿಟ್ಟರೆ? ಆದರೆ ಗಡಿಬಿಡಿಯಲ್ಲಿ ಕಾಯಿ ಅಂಗೈಯಿಂದ ಉರುಳಿ ದಾಳಿಂಬೆ ಗಿಡದ ಬುಡಕ್ಕೆ ಹೋಗಿ ಕೂತಿತು. ಹಿಂದೆಯೇ ಬಂದ ತಾತ್ಯಾ ಹುಬ್ಬು ಗಂಟಿಕ್ಕಿದರು. ಅದನ್ನು ಹೆಕ್ಕಿ ನಿಲ್ಲುವಷ್ಟರಲ್ಲಿ ಕಾಲುದಾರಿಯಲ್ಲಿ ಬಿಳಿಯ ಟೊಪ್ಪಿಗೆ, ಹೆಗಲಿಗೆ ಬಟ್ಟೆಯ ಚೀಲ, ಚೀಲದ ಬಾಯಿಂದ ಇಣುಕುವ ಕಲ್ಲೊಡೆಯುವ ಸುತ್ತಿಗೆ ಕಂಡವು. ಸೋಪಾನ ಕಾಯಿಯನ್ನು ಪೋಪಟನ ಕಡೆಗೆ ಎಸೆದ. ಪೋಪಟ ಅದನ್ನು ಟವೆಲಿನಲ್ಲಿ ಸುತ್ತಿ, ನೆಲದ ಮೇಲಿಟ್ಟು, ಅದರ ಮೇಲೆ ಕೂತ.

"ಮೇಟಕರಿ!" ಇಂಗವಲೆ ಸರ್ ದೂರದಿಂದಲೇ ಕೈ ಚಾಚಿದರು. "ನೀನಾ? ತಾತ್ಯಾ, ಕಡೀಕೂ ಶಾಸ್ತ್ರದ ದಾರಿಗೆ ಬಂದಿ ನೋಡು!"

ತಾತ್ಯಾ ಕದ್ದು ಸಿಕ್ಕಿಬಿದ್ದವರಂತೆ ಸುಮ್ಮನೆ ಕೆಮ್ಮಿದರು.

"ನಿನ್ನ ಸಾಮಾನು ಎಲ್ಲಿ? ಗೂಟ, ತಂತಿ?"

"ರಿಪೇರಿಗೆ ಕೊಟ್ಟಾನ್ರಿ ಸರ್" ಎಂದ ಪೋಪಟ, ಕೂತಲ್ಲಿಂದ ಏಳದೆ.

"ಮೇಷ್ಟ್ರು ಬಂದ್ರ ಏಳಬೇಕನ್ನೂದು ಮರ್ತಿ ಏನೋ ಪೋಪಟ?"

"ನಡಾ ಹಿಡ್ದೈತ್ರಿ ಸರ್."

ಸರ್ ಅವನನ್ನು ಬಿಟ್ಟು ಸೋಪಾನನ ಕಡೆ ತಿರುಗಿದರು. ಮೌಖಿಕ ಪರೀಕ್ಷೆಯಲ್ಲಿ ಬೆರಳು ಎತ್ತುತ್ತಿದ್ದ ಹಾಗೆಯೇ ಬೆರಳೆತ್ತಿ, "ಹೇಳು. ಜಾಗ ಯಾವದು? ಯಾಕ?" ಎಂದರು.

ಸೋಪಾನ ತಡೆಯಲಾರದೆ ಹೇಳಿಬಿಟ್ಟ. ಆರು ವರ್ಷ ಯಾರೂ ಅವನನ್ನು 'ಯಾಕ' ಎಂದು ಕೇಳಿರಲಿಲ್ಲ. "ಸರ್, ಈ ಹೊಲದ ನಡುವ ನೆಲದೊಳಗ ಕರಿಗಲ್ಲಿನ ಒಂದು ಗೋಡಿ ಅಡ್ಡ ನಿಂತೈತ್ರಿ. ಮ್ಯಾಲೆ ಕಾಣಂಗಿಲ್ಲ. ಆಚಿ ಹೊಲದ ಬಾವ್ಯಾಗ ಇಳಿದ್ರ ಕಾಣತೈತಿ. ಗುಡ್ಡದಿಂದ ಬರೂ ನೀರು ಆ ಗೋಡೀಗಿ ತಾಗಿ ಆಚಿಗೇ, ಗುಡ್ಡದ ಕಡೀಗೇ ನಿಲ್ಲತೈತಿ. ಆ ಅತ್ತಿ ಮರ ಚೈತ್ರದಾಗೂ ಹಸರು ಇರತೈತಂತ. ಗೋಡಿ ದಾಟಿ ಆ ಮರದ ಈಚಿ ಮಗ್ಗಲಿಗೆ ತೋಡಿದ್ರ ನೂರಾ ಮೂವತ್ತು ಫೂಟಿಗೆ ಕೆಂಪು ಮಣ್ಣಿನ ಪದರು, ಅದರ ಕೆಳಗ ನೀರು."

"ಮತ್ತ ನನ್ನ ಎರಡು ತೂತು?"

ಸೋಪಾನ ನೆಲ ನೋಡಿದ. "ನೀವು ಗೋಡಿ ಈಚಿಗೆ ತೋಡ್ಸೀರಿ ಸರ್."

ಸರ್ ಹಣೆ ಬಡಿದುಕೊಂಡು ನಕ್ಕರು. ಆಚೆ ಹೊಲ ದಾಯಾದಿ ಬಬನರಾವನದು. ಬದು ಒಂದು ಗೇಣು ಸರಿದ ಜಗಳದಲ್ಲಿ ಇಪ್ಪತ್ತೆರಡು ವರ್ಷದಿಂದ ಈ ಮನೆಯವರು ಆ ಹೊಲಕ್ಕೆ ಕಾಲಿಟ್ಟಿರಲಿಲ್ಲ. "ಮೂವತ್ತೈದು ವರ್ಷ ಪಾಠ ಮಾಡಿದೆ, ಮಗ್ಗಲ ಬಾವಿ ಇಣುಕಿ ನೋಡಲಿಲ್ಲಲೋ! ಶಾಬಾಸ್. ಎಣ್ಣೆಬಣ್ಣದಾಗ ಬರ್ದದ್ದು ಸಾರ್ಥಕಾತು."

ತಾತ್ಯಾ ಮಾತ್ರ ನಗಲಿಲ್ಲ. "ನಿಂದರು. ಇಂವಾ ನಿನ್ನ ಹುಡುಗ ಏನು?"

"ನನ್ನ ಹುಡುಗನ."

"ಪೋಪಟ, ಗಾಡಿ ತಿರುಗಸು."

"ತಾತ್ಯಾ!"

"ಏನು ತಾತ್ಯಾ? ನೀನೂ ಹಿಂಗ ಕೆಂಪು ಪದರು, ಕರಿ ಪದರು ಅಂದು ಎರಡು ಸಲ ಧೂಳು ತಿನಿಸಿದಿ. ನಾ ಕರ್ದದ್ದು ಕಾಯಿ ಮೇಟಕರಿನ್ನ, ಪುಸ್ತಕದ ಮೇಟಕರಿನ್ನ ಅಲ್ಲ. ಎಲ್ಲೈತಿ ಕಾಯಿ? ಕಾಯಿ ನಿಂತ್ರ ತೋಡ್ಸು, ಇಲ್ಲಂದ್ರ ಗಾಡಿ ಹೋಗ್ಲಿ."

ಪೋಪಟ ಮೆಲ್ಲಗೆ ಎದ್ದ. ಅವನ ನಡು ತಾನಾಗಿ ನೆಟ್ಟಗಾಗಿತ್ತು. ಟವೆಲು ಬಿಚ್ಚಿಕೊಂಡು ಕಾಯಿ ಹೊರಗೆ ಕಂಡಿತು.

ಸರ್ ಕಾಯಿಯನ್ನು ನೋಡಿದರು, ಸೋಪಾನನನ್ನು ನೋಡಿದರು, ಬದುವಿನ ಮೇಲೆ ಕೂತುಕೊಂಡರು. "ಕಾಯಿ ಮೇಟಕರಿ" ಎಂದು ಒಮ್ಮೆ ಅಂದು ನೋಡಿದರು.

"ತಪ್ಪಾತು ಸರ್. ಬರಿ ಮಾತಿಗೆ ಯಾರೂ ತೋಡಸಲಿಲ್ಲ" ಎಂದ ಸೋಪಾನ. "ಖರೆ ನಿಮ್ಮ ಮುಂದ ಇದನ್ನ ನಾ ಏಳಸಂಗಿಲ್ಲ. ಕೆಲಸ ಹೋದ್ರ ಹೋಗ್ಲಿ. ಗಾಡಿ ತಿರುಗಸು, ಪೋಪಟ."

ಗಾಡಿಯ ಇಂಜಿನ್ನು ಶುರುವಾಯಿತು. ಸರ್ ಅತ್ತಿಯ ಮರ ನೋಡಿದರು, ಬಬನರಾವನ ಬಾವಿಯ ಕಡೆ ನೋಡಿದರು. ಆಮೇಲೆ ಎದ್ದು, ಪಂಚೆಯ ಧೂಳು ಕೊಡವಿ, ಕೈ ಚಾಚಿದರು.

"ತಾ ಇಲ್ಲಿ. ಹೊಲದಾಗ ನಂದೂ ಪಾಲೈತಿ. ನಾ ಹಿಡಿತೀನಿ."

"ನೀನಾ!" ತಾತ್ಯಾ ಹೌಹಾರಿದರು.

ಸರ್ ಅಂಗೈಯ ಮೇಲೆ ಕಾಯಿ ಮಲಗಿಸಿಕೊಂಡು, ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರು ನಡೆಯುವ ಹಾಗೆ ನಡೆದರು. ಅತ್ತಿ ಮರದ ಈಚೆ ಸೋಪಾನ ತೋರಿಸಿದ ಜಾಗಕ್ಕೆ ಬಂದು ನಿಂತರು. ಕಾಯಿ ಅಲ್ಲಾಡಲಿಲ್ಲ. ಸರ್ ಅದನ್ನು ದುರುಗುಟ್ಟಿ ನೋಡಿದರು. ಕಾಯಿ ಉರುಳಿ ಅವರ ಕಾಲ ಹೆಬ್ಬೆರಳಿನ ಮೇಲೆ ಬಿತ್ತು.

"ನೋಡಿದಿ?" ಎಂದರು ತಾತ್ಯಾ. "ಕಾಯೀಗೂ ನಿನ್ನ ಮ್ಯಾಲೆ ನಂಬಿಗಿ ಇಲ್ಲ."

ಸೋಪಾನ ಓಡಿಹೋಗಿ ಕಾಯಿ ಎತ್ತಿ, ಮಣ್ಣು ಒರೆಸುವ ನೆಪದಲ್ಲಿ ಹತ್ತಿರ ಬಂದ. ಸರ್ ತುಟಿ ಅಲ್ಲಾಡಿಸದೆ, "ಹೆಂಗ ನಿಲ್ಲಸ್ತಾರೋ ಇದನ್ನ?" ಎಂದರು.

"ಜುಟ್ಟು ಮುಂದಕ್ಕಿರಲಿ ಸರ್. ಕಿರುಬೆರಳು ಬುಡಕ್ಕ. ಜಾಗಕ್ಕ ಬಂದ ಕೂಡ್ಲೆ ಗಕ್ಕನ ನಿಲ್ರಿ. ಒಳಗಿನ ನೀರು ತೂಗತೈತಿ, ಆವಾಗ ಬೆರಳು ಒಂದೀಟು ಎತ್ರಿ."

"ಗುರುತ್ವ ಕೇಂದ್ರ!" ಸರ್ ಕಣ್ಣು ಅರಳಿತು.

"ಸಾವಕಾಶ ಸರ್. ತಾತ್ಯಾ ಕೇಳ್ತಾರ."

ಎರಡನೆಯ ಸಲ ಸರ್ ಇಪ್ಪತ್ತು ಹೆಜ್ಜೆ ಹಿಂದಿನಿಂದ ನಡೆದು ಬಂದರು. ಜಾಗ ಬಂತು. ಗಕ್ಕನೆ ನಿಂತರು. ಹಾಜರಿಯಲ್ಲಿ ಹೆಸರು ಕೂಗಿಸಿಕೊಂಡ ಹುಡುಗನ ಹಾಗೆ ಕಾಯಿ ಎದ್ದು ನಿಂತಿತು.

ತಾತ್ಯಾ ತಲೆಯ ಟೊಪ್ಪಿಗೆ ತೆಗೆದರು. ಅವರ ಕಣ್ಣಲ್ಲಿ ನೀರಾಡಿತು. "ಇಷ್ಟು ವರ್ಷ ಕಲಿಸಿದಿ ತಮ್ಮಾ" ಎಂದರು. "ಇವತ್ತು ಒಂದು ಕಲ್ತಿ."

ಗಾಡಿ ಕೊರೆಯತೊಡಗಿತು. ಬಿಳಿಯ ಧೂಳು ಬಂತು, ಕರಿಯ ಧೂಳು ಬಂತು. ನೂರಾ ಮೂವತ್ತಕ್ಕೆ ಕೆಂಪು ಬರಬೇಕಿತ್ತು, ಬರಲಿಲ್ಲ. ಸೋಪಾನ ಮತ್ತು ಸರ್ ಪಕ್ಕಪಕ್ಕ ನಿಂತು, ಇಬ್ಬರೂ ಉಗುರು ಕಚ್ಚುತ್ತಿದ್ದರು. ನೂರಾ ನಲವತ್ತಾರಕ್ಕೆ ಕೆಂಪು ಬಂತು. "ಹದಿನಾರು ಫೂಟು ತಪ್ಪಿದಿ" ಎಂದು ಸರ್ ಪಿಸುಗುಟ್ಟಿದರು. ನೂರಾ ಎಪ್ಪತ್ತಕ್ಕೆ ಕೆಸರು, ಅದರ ಹಿಂದೆಯೇ ನೀರು. ಮುಗಿಲಿಗೆ ಹಾರುವಂಥದಲ್ಲ, ಎರಡು ಇಂಚಿನ ನೀರು, ದಾಳಿಂಬೆಗೆ ಸಾಕು. ತಾತ್ಯಾ ಕೆಸರಿನಲ್ಲೇ ನಿಂತು ಕಾಯಿ ಒಡೆದು ಎಲ್ಲರಿಗೂ ಚೂರು ಕೊಟ್ಟರು. ತಮ್ಮನಿಗೆ ದೊಡ್ಡ ಚೂರು.

ಮಧ್ಯಾಹ್ನ ಪಡಸಾಲೆಯಲ್ಲಿ ಸರ್ ಒದ್ದೆ ಬಟ್ಟೆ, ಸುತ್ತಿಗೆ, ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತರು. ಎಣ್ಣೆಬಣ್ಣ ಒದ್ದೆ ಬಟ್ಟೆಗೆ ಹೋಗುವುದಿಲ್ಲ, ಕೆರೆಯಬೇಕಾಗುತ್ತದೆ. ಸೋಪಾನ ಹೊಸ್ತಿಲಲ್ಲೇ ನಿಂತ. ಊಟಕ್ಕೆ ಬಡಿಸಿದ್ದ ಭಾಕರಿ, ಝುಣಕ ತಟ್ಟೆಯಲ್ಲಿ ಆರುತ್ತಿದ್ದವು.

"ಆರು ವರ್ಷದಾಗ ಎಷ್ಟು ಹೊಲ?"

"ನಲವತ್ತೊಂದು ಸರ್."

"ನೀರು?"

"ಮೂವತ್ನಾಕರಾಗ."

"ಮಗ್ಗಲ ಬಾವಿ ಎಷ್ಟು ಕಡೆ ನೋಡಿದ್ದಿ?"

"ಎಲ್ಲಾ ಕಡೆ ಸರ್. ನೋಡಲಾರದ ಒಮ್ಮೆನೂ ಕಾಯಿ ಏಳಿಸಿಲ್ಲ."

ಸರ್ ಸುತ್ತಿಗೆಯನ್ನು ಚೀಲಕ್ಕೆ ಹಾಕಿದರು. ಹನ್ನೊಂದನೆಯ ಸಾಲಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಸೀಮೆಸುಣ್ಣದಿಂದ ಹನ್ನೆರಡು ಎಂದು ಬರೆದು ತಮ್ಮ ಹೆಸರು ಬರೆದರು. ಅದರ ಮುಂದೆ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿ, 'ತರಬೇತಿಯಲ್ಲಿ' ಎಂದು ಸೇರಿಸಿದರು.

ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಕೆಮ್ಮಿದರು. ಇಪ್ಪತ್ತೆರಡು ವರ್ಷದ ಮೇಲೆ ಬಬನರಾವ ಬಂದು ನಿಂತಿದ್ದ. ಒಳಗೆ ಬರಲಿಲ್ಲ, ತಾತ್ಯಾನ ಮುಖವನ್ನೂ ನೋಡಲಿಲ್ಲ. ತುಳಸಿಕಟ್ಟೆಗೆ ಹೇಳುವವನಂತೆ ಹೇಳಿದ: "ನಿಮ್ಮ ಪ್ರೊಫೆಸರ್ ಕೈಯಾಗ ಕಾಯಿ ಭಾಳ ಛಲೋ ನಿಲ್ಲತೈತಂತ. ನಮ್ಮ ಮ್ಯಾಲಿನ ಹೊಲಕ್ಕೂ ಒಮ್ಮೆ ಹಿಡಿತಾರೇನು ಕೇಳ್ರಿ."

ಪೋಪಟ ಭಾಕರಿ ಅಗಿಯುತ್ತ ಸೋಪಾನನ ಪಕ್ಕೆಗೆ ತಿವಿದ. "ಹೋತಲೇ ನಿನ್ನ ಧಂದೆ."

ಸರ್ ಸೀಮೆಸುಣ್ಣದ ಕೈ ಒರೆಸಿಕೊಂಡು ಬಬನರಾವನಿಗೆ ಆಗಲಿ ಎಂಬಂತೆ ತಲೆಯಾಡಿಸಿದರು. ಆಮೇಲೆ ಸೋಪಾನನ ಕಡೆ ತಿರುಗಿ ದನಿ ತಗ್ಗಿಸಿದರು.

"ನಾಳೆ ಹೊತ್ತು ಮೂಡೂದ್ರಾಗ ಬಾ, ಮೇಟಕರಿ. ಹಗ್ಗ ತಾ. ಮೊದಲ ಬಾವಿ ನೋಡೂಣು."