ನಡುವೆ ಸವೆಯದ ಕೋಲು

ಗಂಡನನ್ನು ಮಣ್ಣು ಮಾಡಿ ಬಂದ ಐದನೆಯ ದಿನ, ನೆಂಟರೆಲ್ಲ ಹೊರಟ ಮೇಲಿನ ಮೊದಲ ಬೆಳಗು. ನಲ್ಲಿಯಲ್ಲಿ ನೀರು ಬಂತು, ಪೇಪರು ಬಂತು, ಏಳೂವರೆಗೆ ಕ್ಯಾಪ್ಟನ್ನರ ಫೋನೂ ಬಂತು.

ಕ್ಯಾಪ್ಟನ್ ಎಂದರೆ ಹಡಗಿನವರಲ್ಲ. ಗಾಲ್ಫ್ ಮೈದಾನದಲ್ಲಿ ಅವರ ಹೆಸರು ಹಾಗೆ. ಮೈದಾನದ ಹಿಂದಿನ ತಗಡಿನ ಶೆಡ್ಡಿನಲ್ಲಿ ನನ್ನ ಗಂಡ ಹನ್ನೊಂದು ವರ್ಷ ಅಲ್ಲಿನವರ ಕೋಲುಗಳನ್ನು ರಿಪೇರಿ ಮಾಡಿದ. ಹಿಡಿಕೆಯ ರಬ್ಬರು ಬದಲಿಸುವುದು, ಸಡಿಲವಾದ ತಲೆ ಕೂರಿಸುವುದು.

“ನಿಮ್ಮ ದುಃಖ ಅರ್ಥವಾಗತ್ತಮ್ಮ,” ಎಂದರು. “ನನ್ನ ವೆಡ್ಜು, ಮರಳಿನಿಂದ ಚೆಂಡು ಎತ್ತೋ ಕೋಲು, ನಿಮ್ಮನೇಲಿ ಉಳಿದಿದೆ.”

“ಇದೆ.”

“ಎರಡು ದಿನಕ್ಕೆ ಅಂತ ಇಸ್ಕೊಂಡು ಹೋಗಿದ್ದ. ಅದಕ್ಕೂ ಮೊದಲೇ ಶೆಡ್ಡಿನಲ್ಲಿ ಅರ ಹಾಕಿ ಉಜ್ಜಿ, ಕೋಲಿನ ಮುಖದ ಮೇಲಿನ ಗೀರುಗಳನ್ನೆಲ್ಲ ಹಾಳುಮಾಡಿ, ಸವೆದಿದೆ ಅಂತ ನನಗೇ ಕಥೆ ಹೇಳ್ದ. ಉಕ್ಕು ಎಲ್ಲಾದ್ರೂ ಸವೆಯತ್ತಾ? ಹೋಗ್ಲಿ, ಸತ್ತವನ ಮೇಲೆ ಯಾಕೆ ಹೇಳೋದು. ನಾಲ್ಕು ಜನಕ್ಕೆ ಹೇಳಿದೆ, ಅಷ್ಟೇ.”

ಫೋನ್ ಇಟ್ಟೆ. ಸಿಟ್ಟು ಬಂತು. ಐದು ದಿನದಲ್ಲಿ ನನ್ನೊಳಗೆ ಏನಾದರೂ ಅಲುಗಿದ್ದು ಅದೇ ಮೊದಲು.

ನಾನು ಓದಿದ್ದು ಲೋಹಶಾಸ್ತ್ರ. ಉಕ್ಕು ಸವೆಯುತ್ತದೆ. ಮರಳಿನಲ್ಲಿ ಸಾವಿರ ಸಲ ಬೀಸಿದರೆ, ಚೆಂಡನ್ನು ಹಿಡಿಯಲೆಂದೇ ಕೊರೆದ ಗೀರಿನ ಅಂಚು ಮೊಂಡಾಗುತ್ತದೆ, ಚೆಂಡು ಬಿದ್ದಲ್ಲಿ ನಿಲ್ಲದೆ ಜಾರುತ್ತದೆ. ಇದನ್ನು ತಿಳಿಯಲು ನನ್ನ ಗಂಡನಿಗೆ ಡಿಗ್ರಿ ಬೇಕಿರಲಿಲ್ಲ, ಹೆಬ್ಬೆರಳ ಉಗುರು ಸಾಕಿತ್ತು. ಹಿಂದಿನ ವಾರ ಅಡುಗೆಮನೆಯ ಬೆಳಕಿನಲ್ಲಿ ಆ ಕೋಲನ್ನು ನನಗೂ ತೋರಿಸಿದ್ದ.

“ನಡುವೆ ಉಗುರು ಆಡಿಸು. ಹೊಸದರ ಹಾಗೇ ಇದೆ. ಈಗ ಇಲ್ಲಿ, ಕೋಲು ತಲೆಗೆ ಸೇರೋ ಕಡೆ. ನುಣ್ಣಗಿದೆ ಅಲ್ವಾ? ಚೆಂಡು ತಾಗಬೇಕಾದ್ದು ನಡುವೆ. ತಾಗಿದ್ರೆ ತಾನೇ ಅಲ್ಲಿ ಸವೆಯೋದು.”

“ಹೇಳು ಅವರಿಗೆ.”

“ಮನುಷ್ಯ ಹತ್ತು ವರ್ಷದಿಂದ ಎಲ್ಲರಿಗೂ ಹೇಗೆ ಹೊಡೀಬೇಕು ಅಂತ ಪಾಠ ಹೇಳ್ತಿದ್ದಾರೆ ಕಣೆ. ಸವೆದಿದೆ ಅಂತಷ್ಟೇ ಹೇಳ್ದೆ. ಎಲ್ಲಿ ಅಂತ ಹೇಳಿಲ್ಲ. ಹೊಸದರ ಜೊತೆ ಹೋಲಿಸಿ ನೋಡ್ತೀನಿ ಅಂತ ಇಸ್ಕೊಂಡು ಬಂದೆ.”

ಅವನ ಮೇಲೂ ಸಿಟ್ಟು ಬಂತು. ಊರವರ ಮರ್ಯಾದೆ ಕಾಯುತ್ತಾ ತನ್ನದನ್ನು ಬಯಲಲ್ಲಿಟ್ಟು ಹೋಗಿದ್ದ.

ನಾನು ಆ ಕೋಲು ಹಿಡಿದು ಚಪ್ಪಲಿ ಮೆಟ್ಟುವಾಗ ಅತ್ತೆ ಬಾಗಿಲಿಗೆ ಬಂದರು. “ಇಷ್ಟು ಬೇಗ ಹೊರಗೆ ಹೊರಟರೆ ಜನ ಏನಂತಾರಮ್ಮ?”

“ಅಂದಾಗಿದೆ ಅತ್ತೆ. ಅದಕ್ಕೇ ಹೋಗ್ತಿರೋದು.”

ಗಾಲ್ಫ್ ಮೈದಾನದ ಹುಲ್ಲಿನ ಪಕ್ಕದ ಬೆಂಚಿನಲ್ಲಿ ಕ್ಯಾಪ್ಟನ್ನರೂ ಅಲ್ಲಿನ ಸೆಕ್ರೆಟರಿಯೂ ಇನ್ನಿಬ್ಬರೂ ಕೂತಿದ್ದರು. ಕ್ಯಾಪ್ಟನ್ ಕೈ ಚಾಚಿದರು. ನಾನು ಕೊಡಲಿಲ್ಲ.

“ನನ್ನ ಗಂಡ ಉಜ್ಜಿದ ಅಂತ ಹೇಳಿದ್ದು ಈ ನಾಲ್ಕು ಜನಕ್ಕೇನಾ?”

“ನಾವು ಮೂರೇ ಜನಮ್ಮ,” ಎಂದರು ಸೆಕ್ರೆಟರಿ. “ನಾಲ್ಕನೆಯವರು ಹಲ್ಲು ಕೀಳಿಸಕ್ಕೆ ಹೋಗಿದ್ದಾರೆ.”

ಯಾರೂ ನಗಲಿಲ್ಲ. ಅಂಕದ ಹಲಗೆಯ ಕೆಳಗಿದ್ದ ಸೀಮೆಸುಣ್ಣ ತೆಗೆದು ಒಂದು ಚೆಂಡಿಗೆ ಪೂರ್ತಿ ಬಳಿದು ಹುಲ್ಲಿನ ಮೇಲಿಟ್ಟೆ. ಆಮೇಲೆ ಕೋಲು ಕೊಟ್ಟೆ.

“ಒಂದು ಹೊಡೀರಿ.”

“ಇದೇನು ಮಕ್ಕಳಾಟ?”

“ಹೊಡೀರಿ ಕ್ಯಾಪ್ಟನ್,” ಎಂದರು ಬೆಂಚಿನಿಂದ ಒಬ್ಬರು. “ನಮಗೆ ದಿನಾ ತೋರಿಸ್ತೀರಲ್ಲ.”

ಹೊಡೆದರು. ಚೆಂಡು ಎಲ್ಲಿಗೆ ಹೋಯಿತೋ ನಾನು ನೋಡಲಿಲ್ಲ. ಅವರು ಅಂಗೈಯಿಂದ ಒರೆಸುವ ಮೊದಲೇ ಕೋಲನ್ನು ಕಿತ್ತುಕೊಂಡು ಸೆಕ್ರೆಟರಿಯ ಮುಂದೆ ಹಿಡಿದೆ. ನುಣ್ಣಗಿದ್ದ ಜಾಗದ ಮೇಲೆ, ಒಂದು ಕೂದಲೆಳೆ ಆಚೀಚೆ ಇಲ್ಲದೆ, ಬಿಳಿ ಗುರುತು ಕೂತಿತ್ತು.

“ಅರ ಹಾಕಿದ್ದರೆ ಮುಖವೆಲ್ಲ ಉಜ್ಜಿರಬೇಕಿತ್ತು,” ಎಂದೆ. “ಇವರು ತಾಗಿಸೋ ಜಾಗ ಮಾತ್ರ ಹುಡುಕಿ ಉಜ್ಜಕ್ಕೆ ಅವನಿಗೇನು ಹುಚ್ಚೇ?”

ಸೆಕ್ರೆಟರಿ ಉಗುರಿನಿಂದ ಗೀರಿ ನೋಡಿದರು. ಇನ್ನೊಂದು ಸಲ ನೋಡಿದರು.

“ಏನು ಬೇಕಮ್ಮ ನಿಮಗೆ?” ಕ್ಯಾಪ್ಟನ್ನರ ದನಿ ಇಳಿದಿತ್ತು.

“ಹೇಳಿದ್ದನ್ನ ವಾಪಸ್ ತಗೊಳ್ಳಿ. ಹೇಳಿದವರ ಮುಂದೆಯೇ.”

ಅವರು ಬೆಂಚಿನ ಕಡೆ ತಿರುಗಿದರು. “ಅವನು ಉಜ್ಜಲಿಲ್ಲ. ನಾನೇ ಸವೆಸಿದ್ದು.”

“ಹಲ್ಲಿನವರು ಬಂದ ಮೇಲೆ ಅವರಿಗೂ ಹೇಳಿ.”

ಸೀಮೆಸುಣ್ಣ ಒರೆಸದೆ ಕೋಲನ್ನು ಅವರ ಕೈಗಿಟ್ಟೆ.